ತೋಡು, ಸಂಕ, ಅಡ್ಕ, ಸುರಂಗ: ಕಾಸರಗೋಡಿನ ಊರುಗಳನ್ನು ಮುಕ್ತ ಭೂಪಟಕ್ಕೆ ಸೇರಿಸುವ ಕ್ರಮ

ಉಪಗ್ರಹ ಚಿತ್ರದಲ್ಲಿ ಬದಿಯಡ್ಕದ ಒಂದು ಮಾಡನ್ನು (ಛಾವಣಿಯನ್ನು) ಗುರುತಿಸಲು ಅಲ್ಲಿಯವರೇ ಆಗಬೇಕೆಂದಿಲ್ಲ. ಆದರೆ ಆ ಮಾಡಿನ ಕೆಳಗಿರುವುದು ಶಾಲೆಯೋ, ಭಜನಾ ಮಂದಿರವೋ, ಅಡಿಕೆ ದಾಸ್ತಾನಿಡುವ ಕೊಟ್ಟಿಗೆಯೋ. ಅದರ ಹಿಂದಿನಿಂದ ಇಳಿದು ಹೋಗುವ ದಾರಿಯಲ್ಲಿ ಜೀಪು ಸಾಗುತ್ತದೆಯೋ, ಅಥವಾ ತೋಡಿನ (ಸಣ್ಣ ಹಳ್ಳದ) ಬಳಿ ಕಾಲುಸಂಕ (ಕಿರುಸೇತುವೆ) ಎದುರಾಗಿ ಮುಂದಕ್ಕೆ ನಡೆದೇ ಹೋಗಬೇಕೋ. ಆ ಜಾಗವನ್ನು ಸುತ್ತಲಿನವರು ಯಾವ ಹೆಸರಿನಿಂದ ಕರೆಯುತ್ತಾರೋ, ಇವನ್ನೆಲ್ಲ ಹೇಳಬಲ್ಲವರು ಅಲ್ಲಿ ದಿನವೂ ನಡೆದಾಡುವವರು ಮಾತ್ರ. ಜಗತ್ತಿನಾದ್ಯಂತ ಸ್ವಯಂಸೇವಕರು ಕೂಡಿ ಕಟ್ಟುತ್ತಿರುವ ‘ಓಪನ್‌ಸ್ಟ್ರೀಟ್‌ಮ್ಯಾಪ್’ ಎಂಬ ಮುಕ್ತ ಭೂಪಟಕ್ಕೆ ಕಾಸರಗೋಡಿನ ಕನ್ನಡಿಗರು ಈ ತಿಳಿವಳಿಕೆಯನ್ನು ಯಾವ ಕ್ರಮದಲ್ಲಿ, ಯಾವ ಎಚ್ಚರದಿಂದ ಸೇರಿಸಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಈ ಭೂಪಟವನ್ನು 2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಆರಂಭಿಸಿದರು. ಇದರ ಆಡಳಿತ ನೋಡಿಕೊಳ್ಳುವ ಪ್ರತಿಷ್ಠಾನ 2006ರಲ್ಲಿ ಸ್ಥಾಪನೆಯಾಯಿತು. 2012ರಿಂದ ಇದರ ದತ್ತಾಂಶ ‘ಓಪನ್ ಡೇಟಾಬೇಸ್ ಲೈಸೆನ್ಸ್’ ಎಂಬ ಪರವಾನಗಿಯಡಿ ದೊರೆಯುತ್ತಿದೆ. ಮೂಲವನ್ನು ಹೆಸರಿಸಿ, ಪರವಾನಗಿಯ ನಿಯಮಗಳನ್ನು ಪಾಲಿಸಿದರೆ ಯಾರೂ ಇದನ್ನು ಹಣ ಕೊಡದೆ ಬಳಸಿಕೊಳ್ಳಬಹುದು. ಕೇರಳದ ಮಟ್ಟಿಗೆ ಇದರ ಪ್ರಯೋಜನ ಎಲ್ಲರಿಗೂ ಮನವರಿಕೆಯಾದದ್ದು 2018ರ ಆಗಸ್ಟ್ ತಿಂಗಳ ಮಹಾನೆರೆಯ ಕಾಲದಲ್ಲಿ. ದೂರದೂರದ ಸ್ವಯಂಸೇವಕರು ಉಪಗ್ರಹ ಚಿತ್ರಗಳನ್ನು ನೋಡಿ ರಸ್ತೆಗಳನ್ನೂ ಕಟ್ಟಡಗಳನ್ನೂ ಆಗ ಬರೆದುಕೊಟ್ಟರು. ಆ ಬಳಿಕ ಸರಕಾರದ ಮಟ್ಟದಲ್ಲಿಯೂ ‘ಮ್ಯಾಪಥಾನ್ ಕೇರಳಂ’ ಎಂಬ ಜನಸಹಭಾಗಿತ್ವದ ಕಾರ್ಯಕ್ರಮ ನಡೆಯಿತು. ಹೀಗಾಗಿ ಮಂಜೇಶ್ವರದಿಂದ ತೃಕ್ಕರಿಪುರದವರೆಗಿನ ಭೂಪಟ ಈಗ ಬರಿದಾಗಿಲ್ಲ. ಮುಖ್ಯ ರಸ್ತೆಗಳೂ ಅನೇಕ ಒಳರಸ್ತೆಗಳೂ ಅದರಲ್ಲಿವೆ. ಮೇಲಿನಿಂದ ಕಾಣದಿರುವುದನ್ನು ಮತ್ತು ಕನ್ನಡದಲ್ಲಿ ಬರೆಯದೇ ಬಿಟ್ಟಿರುವುದನ್ನು ಸೇರಿಸುವುದು ನಮಗೆ ಉಳಿದಿರುವ ಕೆಲಸ. ಆದುದರಿಂದ ಹೊಸಬರು ಪರದೆಯ ಮುಂದೆ ಕುಳಿತು ಮಾಡುಗಳ ಅಂಚನ್ನು ಎಳೆಯುತ್ತಾ ಕಾಲ ಕಳೆಯುವ ಬದಲು ನಡೆದು, ಕೇಳಿ, ಬರೆಯುವ ಕಡೆಗೆ ಗಮನ ಕೊಡಬೇಕೆಂಬುದು ಈ ಲೇಖಕನ ಖಚಿತವಾದ ಅಭಿಪ್ರಾಯ.

ಖಾತೆ ಮತ್ತು ಸಲಕರಣೆ

ಮೊದಲಿಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಜಾಲತಾಣದಲ್ಲಿ ಮಿಂಚಂಚೆ ವಿಳಾಸ ಕೊಟ್ಟು ಖಾತೆ ತೆರೆಯಬೇಕು. ನೀವು ಮಾಡುವ ಪ್ರತಿಯೊಂದು ಬದಲಾವಣೆಯೂ ನಿಮ್ಮ ಬಳಕೆದಾರ ಹೆಸರು, ದಿನಾಂಕ ಮತ್ತು ಸ್ಥಳದೊಂದಿಗೆ ಎಲ್ಲರಿಗೂ ಕಾಣುವಂತೆ ಉಳಿಯುತ್ತದೆ. ಮನೆಯ ಸುತ್ತಲಿನಿಂದಲೇ ಕೆಲಸ ಆರಂಭಿಸುವವರ ವಾಸಸ್ಥಳವನ್ನು ಇದರಿಂದ ಊಹಿಸುವುದು ಸುಲಭವಾದುದರಿಂದ, ಬೇಡವೆನಿಸಿದವರು ನಿಜವಾದ ಹೆಸರನ್ನು ಬಳಕೆದಾರ ಹೆಸರಾಗಿ ಇಟ್ಟುಕೊಳ್ಳದಿರುವುದು ಮೇಲು.

ಆಂಡ್ರಾಯ್ಡ್ ಫೋನ್ ಇರುವವರಿಗೆ ‘ಸ್ಟ್ರೀಟ್‌ಕಂಪ್ಲೀಟ್’ ಎಂಬ ಆ್ಯಪ್ ಒಳ್ಳೆಯ ಪ್ರವೇಶದ್ವಾರ. ನೀವು ನಿಂತಿರುವ ಜಾಗದ ಸುತ್ತ ಭೂಪಟದಲ್ಲಿ ಬಿಟ್ಟುಹೋಗಿರುವ ವಿವರಗಳನ್ನು ಅದು ಪ್ರಶ್ನೆಯ ರೂಪದಲ್ಲಿ ಕೇಳುತ್ತದೆ: ಈ ರಸ್ತೆ ಡಾಮರಿನದೋ ಕಾಂಕ್ರೀಟಿನದೋ, ಈ ಬಸ್ ನಿಲ್ದಾಣಕ್ಕೆ ಮಾಡು ಇದೆಯೇ, ಈ ಅಂಗಡಿ ಎಷ್ಟು ಗಂಟೆಗೆ ತೆರೆಯುತ್ತದೆ. ಟ್ಯಾಗ್‌ಗಳ (ಭೂಪಟದ ಗುರುತುಚೀಟಿಗಳ) ಜ್ಞಾನ ಇಲ್ಲದವರೂ ಉತ್ತರಿಸಬಹುದು. ಅಂಗಡಿ, ಕಚೇರಿ, ವಾಚನಾಲಯಗಳಂಥ ತಾಣಗಳನ್ನು ಹೊಸದಾಗಿ ಸೇರಿಸಲು ‘ಎವ್ರಿ ಡೋರ್’ ಅನುಕೂಲಕರ. ಅದು ಐಫೋನಿನಲ್ಲಿಯೂ ದೊರೆಯುತ್ತದೆ. ರಸ್ತೆ, ತೋಡುಗಳಂಥ ಗೆರೆಗಳನ್ನು ಎಳೆಯುವುದಕ್ಕೆ ಮಾತ್ರ ಕಂಪ್ಯೂಟರೇ ಹೆಚ್ಚು ಅನುಕೂಲ. ಜಾಲತಾಣದೊಳಗೇ ತೆರೆಯುವ ‘ಐಡಿ’ ಎಂಬ ಸಂಪಾದಕ ತಂತ್ರಾಂಶ ಹೊಸಬರಿಗೆ ಸಾಕು. ‘ಜಾಸಮ್’ ಎಂಬ ಪ್ರಬಲ ತಂತ್ರಾಂಶವೂ ಇದೆ. ಆದರೆ ಅದರ ಗೋಜಿಗೆ ಆರಂಭದಲ್ಲಿಯೇ ಹೋಗುವುದು ಬೇಡ.

ಇವುಗಳ ಜೊತೆಗೆ ಒಂದು ನೋಟ್‌ಪುಸ್ತಕ ಮತ್ತು ಪೆನ್ಸಿಲ್ ಇರಲಿ. ಜಡಿಮಳೆಯಲ್ಲಿ ಫೋನಿನ ಪರದೆ ಬೆರಳಿಗೆ ಒಗ್ಗುವುದಿಲ್ಲ, ಶಾಯಿ ಹರಡುತ್ತದೆ. ಪೆನ್ಸಿಲಿನ ಅಕ್ಷರ ಉಳಿಯುತ್ತದೆ.

ನಡೆದು ದಾಖಲಿಸುವುದು

ಮನೆಯ ಸುತ್ತ ಒಂದು ಕಿಲೋಮೀಟರ್ ವ್ಯಾಪ್ತಿಯನ್ನು ಆರಿಸಿಕೊಳ್ಳಿ. ಅಷ್ಟರಲ್ಲಿ ಭೂಪಟದಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಮೊದಲು ನೋಡಿಕೊಂಡು, ಬಳಿಕ ‘ಓಎಸ್‌ಎಂಆ್ಯಂಡ್’ನಂಥ ಆ್ಯಪ್‌ನಲ್ಲಿ ಜಾಡು ದಾಖಲಿಸುವ ಸೌಲಭ್ಯವನ್ನು ಚಾಲೂ ಮಾಡಿ ನಡೆಯಿರಿ. ನೆಟ್‌ವರ್ಕ್ ಸಿಗದ ಕಣಿವೆಗಳಲ್ಲಿಯೂ ಜಿಪಿಎಸ್ ಕೆಲಸ ಮಾಡುತ್ತದೆ. ಅದಕ್ಕೆ ಬೇಕಾದದ್ದು ಆಕಾಶ, ಮೊಬೈಲ್ ಗೋಪುರವಲ್ಲ. ಹೊರಡುವ ಮೊದಲು ಭೂಪಟವನ್ನು ಫೋನಿಗೆ ಇಳಿಸಿಕೊಂಡಿದ್ದರಾಯಿತು.

ಆದರೆ ನಮ್ಮ ಕಡೆಯಲ್ಲಿ ಆಕಾಶವೇ ಅಪರೂಪ. ಬಯಲಿನಲ್ಲಿ ಕೆಲವೇ ಮೀಟರುಗಳ ವ್ಯತ್ಯಾಸ ತೋರಿಸುವ ಫೋನು ದಟ್ಟವಾದ ಅಡಿಕೆ ತೋಟದೊಳಗೆ, ಎರಡೂ ಬದಿಗಳಲ್ಲಿ ಮುರಕಲ್ಲಿನ (ಜಂಬಿಟ್ಟಿಗೆಯ) ದರೆ ಎದ್ದು ನಿಂತ ಓಣಿಯೊಳಗೆ ದಾರಿಯನ್ನು ತೋಡಿನ ಆಚೆ ದಡಕ್ಕೆ ಒಯ್ದು ಹಾಕುವುದುಂಟು. ಇದಕ್ಕೆ ಪರಿಹಾರವೆಂದರೆ ಒಂದೇ ದಾರಿಯನ್ನು ಬೇರೆ ಬೇರೆ ದಿನ, ಹೋಗುವಾಗಲೂ ಬರುವಾಗಲೂ ದಾಖಲಿಸಿ, ಆ ಜಾಡುಗಳ ನಡುವಿನ ಗೆರೆಯನ್ನು ಹಿಡಿಯುವುದು. ತಿರುವು, ಸಂಕ, ಗೇಟುಗಳ ಬಳಿ ಕೆಲವು ಕ್ಷಣ ನಿಂತು ಬಿಂದುವನ್ನು ಗುರುತು ಮಾಡಿಕೊಳ್ಳಬೇಕು.

ನಡೆಯುವಾಗ ಗಮನಿಸಬೇಕಾದವು ಇವು: ರಸ್ತೆಯ ಮೇಲ್ಮೈ ಯಾವುದು, ಅದು ಎಲ್ಲಿ ಬದಲಾಗುತ್ತದೆ, ಯಾವ ವಾಹನ ಎಲ್ಲಿಯವರೆಗೆ ಹೋಗುತ್ತದೆ, ಎಲ್ಲಿ ಗೇಟು, ಎಲ್ಲಿ ಮೆಟ್ಟಿಲು, ಎಲ್ಲಿ ದನ ದಾಟದಂತೆ ಮಾಡಿದ ತಡಮೆ. ನಗೆ ಬರಬಹುದು, ಆದರೆ ತಡಮೆಗೂ ಈ ಭೂಪಟದಲ್ಲಿ ಪ್ರತ್ಯೇಕ ಗುರುತು ಇದೆ. ಗದ್ದೆಯ ಕಟ್ಟಪುಣಿಯ (ಬದುವಿನ) ಮೇಲಿನ ದಾರಿ ಊರವರೆಲ್ಲ ಬಳಸುವಂಥದ್ದಾದರೆ ಅದನ್ನೂ ಬರೆಯಬಹುದು. ಮನೆಯವರು ಮಾತ್ರ ಬಳಸುವುದಾದರೆ ಬೇಡ.

ಮೂರು ಆಕಾರಗಳು, ಹಲವು ಟ್ಯಾಗ್‌ಗಳು

ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಎಲ್ಲವೂ ಬಿಂದು, ಗೆರೆ ಅಥವಾ ಆವರಣವಾಗಿ ಬರುತ್ತದೆ. ಬಸ್ ನಿಲ್ದಾಣ ಬಿಂದು, ತೋಡು ಗೆರೆ, ದೇವಸ್ಥಾನದ ಕೆರೆ ಆವರಣ. ಇವುಗಳಿಗೆ ಅಂಟಿಸುವ ‘ಇಂಥದ್ದು ಇದು’ ಎಂಬ ಚೀಟಿಯೇ ಟ್ಯಾಗ್. ಟ್ಯಾಗ್‌ಗಳೆಲ್ಲ ರೋಮನ್ ಲಿಪಿಯಲ್ಲಿವೆಯಾದರೂ ಐಡಿ ತಂತ್ರಾಂಶದಲ್ಲಿ ಅವನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಸಿದ್ಧ ಮಾದರಿಗಳ ಪಟ್ಟಿಯಿಂದ ಆರಿಸಿಕೊಂಡರೆ ಅದೇ ಬರೆದುಕೊಳ್ಳುತ್ತದೆ.

ಹೊಸಬರು ಹೆಚ್ಚಾಗಿ ತಡವರಿಸುವುದು ರಸ್ತೆಯ ದರ್ಜೆಯಲ್ಲಿ. ‘ಅನ್‌ಕ್ಲಾಸಿಫೈಡ್’ ಎಂಬ ದರ್ಜೆಯನ್ನು ‘ಇನ್ನೂ ನಿರ್ಧರಿಸದ ರಸ್ತೆ’ ಎಂದು ಅನೇಕರು ತಿಳಿಯುತ್ತಾರೆ. ಅದು ಹಾಗಲ್ಲ. ಒಂದು ಊರಿನಿಂದ ಮತ್ತೊಂದು ಊರಿಗೆ ಹೋಗುವ ಸಣ್ಣ ಸಾರ್ವಜನಿಕ ರಸ್ತೆಗೆ ಅದೇ ಸರಿಯಾದ ದರ್ಜೆ. ಮನೆಗಳ ಸಾಲಿನ ನಡುವೆ ಹೋಗಿ ಅಲ್ಲಿಯೇ ನಿಲ್ಲುವ ಪಂಚಾಯತು ರಸ್ತೆ ‘ರೆಸಿಡೆನ್ಶಿಯಲ್’, ತೋಟಕ್ಕೆ ಗೊಬ್ಬರ ಒಯ್ಯುವ, ಅಡಿಕೆ ತರುವ ಜೀಪುದಾರಿ ‘ಟ್ರ್ಯಾಕ್’, ಒಂದು ಮನೆ ಅಥವಾ ಶಾಲೆಯ ಅಂಗಳಕ್ಕೆ ಹೋಗುವ ಖಾಸಗಿ ದಾರಿ ‘ಸರ್ವಿಸ್’, ಕಾಲುದಾರಿ ‘ಪಾತ್’. ಡಾಮರು ಹಾಕಿದ ಮಾತ್ರಕ್ಕೆ ದರ್ಜೆ ಏರುವುದಿಲ್ಲ. ಮೇಲ್ಮೈಯನ್ನು ಹೇಳಲು ಬೇರೆಯೇ ಟ್ಯಾಗ್ ಇದೆ.

ಗೆರೆ ಎಳೆಯುವಾಗ ಎರಡು ರಸ್ತೆಗಳು ಕೂಡುವಲ್ಲಿ ಎರಡಕ್ಕೂ ಒಂದೇ ಬಿಂದು ಇರಬೇಕು. ಕಣ್ಣಿಗೆ ಕೂಡಿದಂತೆ ಕಂಡರೂ ಕೂದಲೆಳೆಯಷ್ಟು ಅಂತರ ಉಳಿದರೆ ದಾರಿ ತೋರಿಸುವ ಆ್ಯಪ್‌ಗೆ ಅಲ್ಲಿ ರಸ್ತೆಯೇ ಇಲ್ಲ. ಇದಕ್ಕೆ ವಿರುದ್ಧವಾಗಿ ಸಂಕದ ಬಳಿ ದಾರಿಯೂ ತೋಡೂ ಒಂದೇ ಬಿಂದುವನ್ನು ಹಂಚಿಕೊಳ್ಳಬಾರದು. ದಾರಿಯ ಆ ತುಂಡನ್ನು ಬೇರ್ಪಡಿಸಿ ಅದಕ್ಕೆ ಸೇತುವೆಯ ಗುರುತನ್ನೂ ಮೇಲಿನ ಪದರವೆಂಬ ಸೂಚನೆಯನ್ನೂ ಕೊಡಬೇಕು. ತೋಡನ್ನು ಯಾವಾಗಲೂ ನೀರು ಹರಿಯುವ ದಿಕ್ಕಿನಲ್ಲಿಯೇ, ಅಂದರೆ ಗುಡ್ಡದಿಂದ ಹೊಳೆಯ ಕಡೆಗೆ ಎಳೆಯಬೇಕು.

ಹಿನ್ನೆಲೆಯ ಚಿತ್ರದ ಬಗ್ಗೆ ಒಂದು ಮಾತು. ಐಡಿಯಲ್ಲಿ ಬಿಂಗ್, ಎಸ್ರಿ ಮುಂತಾದ ಚಿತ್ರಗಳನ್ನು ಬಳಸಲು ಅನುಮತಿ ಇದೆ. ಆದರೆ ಗುಡ್ಡಗಾಡಿನಲ್ಲಿ ಈ ಚಿತ್ರಗಳು ನಿಜವಾದ ಸ್ಥಾನದಿಂದ ಕೆಲವು ಮೀಟರು ಸರಿದಿರುವುದು ಸಾಮಾನ್ಯ, ಮತ್ತು ಒಂದು ಚಿತ್ರ ಸರಿದಷ್ಟೇ ಮತ್ತೊಂದು ಸರಿದಿರುವುದಿಲ್ಲ. ಜಿಪಿಎಸ್ ಜಾಡುಗಳೊಂದಿಗೆ ಹೋಲಿಸಿ, ಹಿನ್ನೆಲೆಯನ್ನು ಸರಿಸಿಕೊಂಡ ಬಳಿಕವೇ ಎಳೆಯಲು ಆರಂಭಿಸಬೇಕು. ಚಿತ್ರ ಎಷ್ಟು ಹಳೆಯದು ಎಂಬುದನ್ನೂ ಗಮನಿಸಬೇಕು. ತಲಪಾಡಿಯಿಂದ ದಕ್ಷಿಣಕ್ಕೆ ರಾಷ್ಟ್ರೀಯ ಹೆದ್ದಾರಿ 66 ಆರು ಪಥಗಳಿಗೆ ಅಗಲವಾಗಿ, ಸರ್ವಿಸ್ ರಸ್ತೆ, ಅಂಡರ್‌ಪಾಸ್, ಮೇಲ್ಸೇತುವೆಗಳು ಬಂದಿವೆ. ಹಳೆಯ ಚಿತ್ರದಲ್ಲಿ ಇನ್ನೂ ಹಳೆಯ ಹೆದ್ದಾರಿಯೇ ಇರಬಹುದು. ಚಿತ್ರದಲ್ಲಿ ಕಾಣುವುದಿಲ್ಲವೆಂಬ ಒಂದೇ ಕಾರಣಕ್ಕೆ ಯಾರೋ ಸ್ಥಳದಲ್ಲಿ ನೋಡಿ ಬರೆದುದನ್ನು ಅಳಿಸಬಾರದು. ಹೆದ್ದಾರಿಯ ಇಕ್ಕೆಲಗಳಲ್ಲಿ ಇರುವವರಿಗೆ ಮಾಡಲು ಈಗ ಧಾರಾಳ ಕೆಲಸವಿದೆ: ಯಾವ ಸರ್ವಿಸ್ ರಸ್ತೆ ಏಕಮುಖ, ಯಾವ ಅಂಡರ್‌ಪಾಸ್‌ನಲ್ಲಿ ಬಸ್ ಹೋಗುತ್ತದೆ, ಎಲ್ಲಿ ಜನ ಈಚೆಯಿಂದ ಆಚೆಗೆ ದಾಟಬಹುದು ಎಂಬ ವಿವರಗಳು ಸ್ಥಳದಲ್ಲಿದ್ದವರಿಗೆ ಮಾತ್ರ ತಿಳಿಯುತ್ತವೆ.

ಹೆಸರುಗಳು

ಕಾಸರಗೋಡಿನಲ್ಲಿ ಈ ಕೆಲಸದ ಅತ್ಯಂತ ಸೂಕ್ಷ್ಮವಾದ ಭಾಗ ಇದೇ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದ ಕಾಸರಗೋಡು ಆ ದಿನ ಕೇರಳಕ್ಕೆ ಸೇರಿತು. 1984ರ ಮೇ 24ರಂದು ಪ್ರತ್ಯೇಕ ಜಿಲ್ಲೆಯಾಯಿತು. ಸಪ್ತಭಾಷಾ ಸಂಗಮಭೂಮಿ ಎಂದು ಇದನ್ನು ಕರೆಯುವುದು ಬರಿಯ ಅಲಂಕಾರವಲ್ಲ. ಒಂದೇ ಪೇಟೆಯ ಹೆಸರು ಕನ್ನಡದ ಫಲಕದಲ್ಲಿ ಒಂದು ಬಗೆ, ಮಲಯಾಳದ ಫಲಕದಲ್ಲಿ ಇನ್ನೊಂದು ಬಗೆ, ತುಳು ಮಾತಿನಲ್ಲಿ ಮತ್ತೊಂದು ಬಗೆ. ಮಂಜೇಶ್ವರ ಮಲಯಾಳದಲ್ಲಿ ಮಂಜೇಶ್ವರಂ, ನೀಲೇಶ್ವರ ನೀಲೇಶ್ವರಂ, ಕುಂಬಳೆ ಕುಂಬಳ.

ಅದೃಷ್ಟವಶಾತ್ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಇವುಗಳ ನಡುವೆ ಸ್ಪರ್ಧೆ ಏರ್ಪಡಿಸುವ ಅಗತ್ಯವೇ ಇಲ್ಲ. ‘ನೇಮ್’ ಎಂಬ ಮುಖ್ಯ ಅಂಕಣದ ಜೊತೆಗೆ ಪ್ರತಿಯೊಂದು ಭಾಷೆಗೂ ಪ್ರತ್ಯೇಕ ಅಂಕಣವಿದೆ. ಕನ್ನಡದ್ದಕ್ಕೆ ‘ಕೆಎನ್’, ಮಲಯಾಳಕ್ಕೆ ‘ಎಂಎಲ್’, ತುಳುವಿಗೆ ‘ಟಿಸಿವೈ’ ಎಂಬ ಸಂಕೇತಗಳು. ಐಡಿಯಲ್ಲಿ ಹೆಸರಿನ ಪಕ್ಕದ ಕೂಡಿಸುವ ಗುರುತನ್ನು ಒತ್ತಿ ಭಾಷೆಯನ್ನು ಆರಿಸಿಕೊಂಡರೆ ಸಂಕೇತ ತಾನಾಗಿ ಬರುತ್ತದೆ. ಕನ್ನಡದ ಅಂಕಣ ತುಂಬಿದ್ದರೆ, ಭಾಷೆಯನ್ನು ಕನ್ನಡಕ್ಕೆ ಹೊಂದಿಸಿಕೊಂಡ ಆ್ಯಪ್‌ಗಳು ಆ ಹೆಸರನ್ನು ತೋರಿಸಬಲ್ಲವು. ಖಾಲಿ ಇದ್ದರೆ ಮುಖ್ಯ ಅಂಕಣದಲ್ಲಿರುವುದನ್ನೇ ತೋರಿಸುತ್ತವೆ. ಆದುದರಿಂದ ನಿಯಮ ಸರಳ: ಕನ್ನಡದ ಹೆಸರನ್ನು ಕನ್ನಡದ ಅಂಕಣದಲ್ಲಿ ಬರೆಯಿರಿ, ಮಲಯಾಳದ್ದನ್ನು ಮುಟ್ಟಬೇಡಿ, ಮುಖ್ಯ ಅಂಕಣದಲ್ಲಿ ಇಂಗ್ಲಿಷ್ ಹೆಸರಿದ್ದರೆ ಅದನ್ನು ಅಳಿಸಿ ಕನ್ನಡ ತುಂಬುವ ಉತ್ಸಾಹ ತೋರಬೇಡಿ. ಮುಖ್ಯ ಅಂಕಣಕ್ಕಾಗಿ ನಡೆಯುವ ಎಳೆದಾಟದಿಂದ ಯಾವ ಭಾಷೆಗೂ ಲಾಭವಾಗುವುದಿಲ್ಲ. ಖಾಲಿ ಬಿದ್ದಿರುವ ಕನ್ನಡದ ಅಂಕಣವನ್ನು ತುಂಬಿದರೆ ಲಾಭ ಆ ಕ್ಷಣದಿಂದಲೇ.

ಕನ್ನಡದ ಕಾಗುಣಿತವನ್ನು ಎಲ್ಲಿಂದ ತೆಗೆದುಕೊಳ್ಳಬೇಕು? ರೋಮನ್ ಲಿಪಿಯಲ್ಲಿರುವುದನ್ನು ನೋಡಿ ಮರಳಿ ಕನ್ನಡಕ್ಕೆ ತರಬಾರದು. ಆ ಲಿಪಿಯಲ್ಲಿ ಲಕಾರ ಳಕಾರಗಳಿಗೆ, ದಕಾರ ಡಕಾರಗಳಿಗೆ ವ್ಯತ್ಯಾಸವಿಲ್ಲ. ಹ್ರಸ್ವ ದೀರ್ಘಗಳ ಲೆಕ್ಕವೂ ಇಲ್ಲ. ಯಂತ್ರಕ್ಕೆ ಬಿಟ್ಟರೆ ಉಪ್ಪಳ ಉಪ್ಪಲವಾಗುತ್ತದೆ, ಕಾರಡ್ಕ ಕರದ್ಕವಾಗುತ್ತದೆ, ಬಾಯಾರು ಬಯರ್ ಆಗುತ್ತದೆ. ಮೊದಲ ಆಧಾರ ಸ್ಥಳದಲ್ಲಿರುವ ಫಲಕಗಳು: ಗ್ರಾಮ ಪಂಚಾಯತು, ವಿಲೇಜ್ ಆಫೀಸು, ಶಾಲೆ, ಬಸ್ ತಂಗುದಾಣ, ದೇವಸ್ಥಾನದ ದ್ವಾರ. ಎರಡನೆಯದು ಜನ. ಅಂಚೆ ಹಂಚುವವರು, ವಿದ್ಯುತ್ ಲೈನ್‌ಮ್ಯಾನ್, ಆಶಾ ಕಾರ್ಯಕರ್ತೆಯರು, ಮನೆಮನೆಯಿಂದ ಪ್ಲಾಸ್ಟಿಕ್ ಸಂಗ್ರಹಿಸುವ ಹರಿತಕರ್ಮಸೇನೆಯ ಸದಸ್ಯೆಯರು, ಈ ನಾಲ್ವರಲ್ಲಿ ಯಾರನ್ನು ಕೇಳಿದರೂ ಯಾವ ಸರಕಾರಿ ಪಟ್ಟಿಗಿಂತಲೂ ಹೆಚ್ಚು ಹೆಸರುಗಳು ದೊರೆಯುತ್ತವೆ. ಹಿರಿಯರನ್ನು ಕೇಳುವಾಗ ‘ಇದಕ್ಕೆ ಏನು ಹೆಸರು’ ಎನ್ನುವುದಕ್ಕಿಂತ, ‘ಇಲ್ಲಿಗೆ ಬರುವವರಿಗೆ ಎಲ್ಲಿ ಇಳಿಯಲು ಹೇಳುತ್ತೀರಿ’ ಎಂದು ಕೇಳಿದರೆ ನಿಜವಾಗಿ ಬಳಕೆಯಲ್ಲಿರುವ ಹೆಸರು ಹೊರಬರುತ್ತದೆ.

ಫಲಕದ ಕಾಗುಣಿತವೂ ಊರವರ ಉಚ್ಚಾರವೂ ಬೇರೆಯಾದರೆ ಏನು ಮಾಡಬೇಕು? ಹೆಚ್ಚು ಪ್ರಚಲಿತವಾದುದನ್ನು ಕನ್ನಡದ ಅಂಕಣದಲ್ಲಿಯೂ ಇನ್ನೊಂದನ್ನು ‘ಆಲ್ಟ್ ನೇಮ್’ ಎಂಬ ಪರ್ಯಾಯ ಹೆಸರಿನ ಅಂಕಣದಲ್ಲಿಯೂ ಬರೆಯಬಹುದು. ಹಿಂದೆ ಇದ್ದು ಈಗ ಬಳಕೆ ತಪ್ಪಿದ ಹೆಸರಿಗೆ ‘ಓಲ್ಡ್ ನೇಮ್’ ಇದೆ. ತುಳುವಿನ ಹೆಸರನ್ನು ಕನ್ನಡ ಲಿಪಿಯಲ್ಲಿಯೇ ಬರೆದರೆ ಸದ್ಯಕ್ಕೆ ಸಾಕು. 2024ರ ಸೆಪ್ಟೆಂಬರಿನಲ್ಲಿ ಬಂದ ಯೂನಿಕೋಡ್ 16ನೆಯ ಆವೃತ್ತಿಯಲ್ಲಿ ತುಳು-ತಿಗಳಾರಿ ಲಿಪಿ ಸೇರಿದೆಯಾದರೂ ಆ ಲಿಪಿಯ ಅಕ್ಷರವಿನ್ಯಾಸ ಎಲ್ಲ ಫೋನುಗಳಲ್ಲಿಲ್ಲ.

ಕಂದಾಯ ಗ್ರಾಮ, ಪಂಚಾಯತು, ಪೇಟೆ, ಜಾಗ, ಈ ನಾಲ್ಕನ್ನೂ ಕಲಸಿಬಿಡಬಾರದು. ಎಣ್ಮಕಜೆ ಪಂಚಾಯತಿನ ಮುಖ್ಯ ಪೇಟೆ ಪೆರ್ಲ. ಪಂಚಾಯತಿನ ಹೆಸರನ್ನು ಪೇಟೆಯ ಬಿಂದುವಿಗೆ ಅಂಟಿಸಿದರೆ ಹುಡುಕುವವರು ದಾರಿ ತಪ್ಪುತ್ತಾರೆ. ಅಡ್ಕ, ಮೂಲೆ, ಪದವು, ಬೈಲು, ಕಜೆ ಎಂದು ಕೊನೆಗೊಳ್ಳುವ ನೂರಾರು ಸಣ್ಣ ಜಾಗಗಳಲ್ಲಿ ಕೆಲವೇ ಮನೆಗಳಿದ್ದರೆ ‘ಹ್ಯಾಮ್ಲೆಟ್’, ಒಂದೆರಡೇ ಮನೆಗಳಿದ್ದರೆ ‘ಐಸೋಲೇಟೆಡ್ ಡ್ವೆಲಿಂಗ್’, ಮನೆಯೇ ಇಲ್ಲದೆ ಹೆಸರು ಮಾತ್ರ ಇದ್ದರೆ ‘ಲೊಕ್ಯಾಲಿಟಿ’ ಎಂಬ ದರ್ಜೆ ಕೊಡಬೇಕು. ಜನವಸತಿಯಿಲ್ಲದ ಪದವಿಗೂ (ಗುಡ್ಡದ ಮೇಲಿನ ಬಯಲಿಗೂ) ಹೆಸರಿರುವುದು ನಮ್ಮಲ್ಲಿ ಸಹಜವಾದುದರಿಂದ ಈ ಕೊನೆಯ ದರ್ಜೆ ಹೆಚ್ಚು ಬಳಕೆಗೆ ಬರುತ್ತದೆ. ವಾರ್ಡಿನ ಸಂಖ್ಯೆಯನ್ನು ಹೆಸರಿನೊಳಗೆ ಸೇರಿಸಬೇಡಿ. ವಾರ್ಡುಗಳ ಪುನರ್ವಿಂಗಡಣೆಯಾದಾಗ ಸಂಖ್ಯೆ ಬದಲಾಗುತ್ತದೆ, ಜಾಗದ ಹೆಸರು ಬದಲಾಗುವುದಿಲ್ಲ.

ಒಂದು ತಾಂತ್ರಿಕ ಎಚ್ಚರ. ‘ಮೊಗ್ರಾಲ್ ಪುತ್ತೂರು’ ಎಂಬಂಥ ಹೆಸರುಗಳನ್ನು ಕೂಡಿಸಿ ಬರೆಯುವಾಗ ಕೀಲಿಮಣೆ ಲಕಾರದ ನಂತರ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಸೇರಿಸುತ್ತದೆ. ಬೇರೆಡೆಯಿಂದ ನಕಲು ಮಾಡಿ ಅಂಟಿಸಿದಾಗ ಇಂಥವು ಹೆಸರಿನ ಕೊನೆಯಲ್ಲಿಯೂ ಉಳಿದುಬಿಡುತ್ತವೆ. ಆಗ ಅದೇ ಹೆಸರನ್ನು ಸರಿಯಾಗಿ ಟೈಪ್ ಮಾಡಿ ಹುಡುಕಿದರೂ ಸಿಗದೆ ಹೋಗಬಹುದು. ಹೆಸರುಗಳನ್ನು ಅಂಟಿಸುವ ಬದಲು ಪ್ರತಿ ಸಲವೂ ಟೈಪ್ ಮಾಡುವುದೇ ಸುರಕ್ಷಿತ.

ನದಿಗಳಿಗೆ ಇನ್ನೊಂದು ತೊಡಕು ಇದೆ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ ಸುಳ್ಯದ ಮೂಲಕ ಬರುವ ಪಯಸ್ವಿನಿಯೇ ಕಾಸರಗೋಡಿನ ಬಳಿ ಸಮುದ್ರ ಸೇರುವಾಗ ಚಂದ್ರಗಿರಿ ಹೊಳೆ. ಒಂದೇ ಹರಿವಿಗೆ ಎರಡು ಹೆಸರುಗಳಿರುವಾಗ ಗೆರೆಯನ್ನು ಹೆಸರು ಬದಲಾಗುವ ಜಾಗದಲ್ಲಿ ತುಂಡರಿಸಿ, ಆಯಾ ಭಾಗಕ್ಕೆ ಅಲ್ಲಿಯವರು ಕರೆಯುವ ಹೆಸರನ್ನು ಕೊಟ್ಟು, ಇಡೀ ಹರಿವನ್ನು ‘ರಿಲೇಶನ್’ ಎಂಬ ಒಕ್ಕೂಟದೊಳಗೆ ಸೇರಿಸುವುದು ಕ್ರಮ. ಹೊಸಬರು ರಿಲೇಶನ್‌ಗಳನ್ನು, ಅದರಲ್ಲಿಯೂ ರಾಜ್ಯ, ಜಿಲ್ಲೆ, ಪಂಚಾಯತುಗಳ ಗಡಿಗೆರೆಗಳನ್ನು ಮುಟ್ಟದಿರುವುದು ಒಳ್ಳೆಯದು. ಗಡಿಯ ಪಕ್ಕದ ರಸ್ತೆಯನ್ನು ಸರಿಪಡಿಸುವಾಗ ಗಡಿಗೆರೆಯ ಬಿಂದುಗಳು ಅರಿಯದೆ ಜೊತೆಗೆ ಸರಿಯುವುದುಂಟು. ಉಳಿಸುವ ಮೊದಲು ಒಮ್ಮೆ ಪರಿಶೀಲಿಸಿ.

ನೀರಿನ ನೆಲೆಗಳು

ಯಾವ ಉಪಗ್ರಹಕ್ಕೂ ಕಾಣದ ಒಂದು ಸಂಪತ್ತು ನಮ್ಮಲ್ಲಿದೆ. ಮುರಕಲ್ಲಿನ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ, ಒಬ್ಬ ಮನುಷ್ಯ ಹೋಗಿಬರುವಷ್ಟು ಅಗಲಕ್ಕೆ ಕೊರೆದ ಸುರಂಗಗಳಿಂದ ಪಂಪಿನ ಸಹಾಯವಿಲ್ಲದೆ ಹರಿದು ಬರುವ ನೀರನ್ನು ಇಲ್ಲಿಯ ತೋಟಗಳೂ ಮನೆಗಳೂ ತಲೆಮಾರುಗಳಿಂದ ಬಳಸುತ್ತಾ ಬಂದಿವೆ. ಇವನ್ನು ಭೂಪಟದಲ್ಲಿ ಹೇಗೆ ಬರೆಯಬೇಕು ಎಂಬುದಕ್ಕೆ ಸ್ವಲ್ಪ ಯೋಚನೆ ಬೇಕು. ಇರಾನಿನ ‘ಖನಾತ್’ ಎಂಬ ನೆಲದಡಿಯ ಕಾಲುವೆಗಳಿಗೆ ಒಂದು ಟ್ಯಾಗ್ ಬಳಕೆಯಲ್ಲಿದೆ. ಇಳಿಜಾರಿನ ಬಲದಿಂದಲೇ ನೀರು ತರುವ ತತ್ತ್ವ ಎರಡರಲ್ಲಿಯೂ ಒಂದೇ. ಆದರೆ ಖನಾತ್‌ಗೆ ಸಾಲಾಗಿ ನೆಟ್ಟಗೆ ಇಳಿಯುವ ಬಾವಿಗಳಿರುತ್ತವೆ, ನಮ್ಮ ಸುರಂಗ ಹೆಚ್ಚಾಗಿ ಗುಡ್ಡದ ಮಗ್ಗುಲಿನಿಂದ ನೇರವಾಗಿ ಒಳಹೋಗುತ್ತದೆ. ಆದುದರಿಂದ ಆ ಟ್ಯಾಗನ್ನು ಸುಮ್ಮನೆ ಎರವಲು ಪಡೆಯುವ ಮೊದಲು, ಅಥವಾ ಮನಸ್ಸಿಗೆ ಬಂದಂತೆ ಹೊಸತನ್ನು ಹುಟ್ಟಿಸುವ ಮೊದಲು, ಭಾರತದ ಹಾಗೂ ಕೇರಳದ ಓಪನ್‌ಸ್ಟ್ರೀಟ್‌ಮ್ಯಾಪ್ ಸಮುದಾಯದಲ್ಲಿ ಚರ್ಚಿಸಿ ಒಂದೇ ಪದ್ಧತಿಯನ್ನು ಹಿಡಿಯುವುದು ಮುಖ್ಯ. ಹತ್ತು ಮಂದಿ ಹತ್ತು ಬಗೆಯಲ್ಲಿ ಬರೆದರೆ ನಾಳೆ ‘ಈ ಪಂಚಾಯತಿನ ಸುರಂಗಗಳೆಲ್ಲ ಎಲ್ಲಿವೆ’ ಎಂದು ಕೇಳಿದವರಿಗೆ ಉತ್ತರ ಸಿಗುವುದಿಲ್ಲ. ಯಾವ ಪದ್ಧತಿಯಾದರೂ ಸುರಂಗದ ಬಾಯಿಯನ್ನು ಮಾತ್ರ ಬಿಂದುವಾಗಿ ಗುರುತಿಸಿ; ಒಳಗಿನ ಉದ್ದವನ್ನು ಅಳೆಯದೆ ಗೆರೆ ಎಳೆಯಬೇಡಿ, ಅಳೆಯುವುದಕ್ಕಾಗಿ ಒಳಗೆ ಹೋಗುವ ಸಾಹಸವಂತೂ ಬೇಡ. ಬಹುಪಾಲು ಸುರಂಗಗಳು ಖಾಸಗಿ ತೋಟಗಳಲ್ಲಿರುವುದರಿಂದ ಮನೆಯವರ ಒಪ್ಪಿಗೆ ಅಗತ್ಯ, ಮತ್ತು ಪ್ರವೇಶ ಖಾಸಗಿ ಎಂಬ ಟ್ಯಾಗನ್ನು ಜೊತೆಗೇ ಹಾಕಬೇಕು.

ಪದವಿನ ಮೇಲೆ ಮಳೆಗಾಲದಲ್ಲಿ ತುಂಬಿ ಬೇಸಗೆಯಲ್ಲಿ ಬತ್ತುವ ಪಳ್ಳಗಳನ್ನೂ ನೀರಿಂಗಿಸುವ ಮದಕಗಳನ್ನೂ ನೀರಿನ ಆವರಣವಾಗಿ ಎಳೆದು, ವರ್ಷದ ಕೆಲವು ಕಾಲ ಮಾತ್ರ ನೀರಿರುವವಕ್ಕೆ ‘ಇಂಟರ್‌ಮಿಟೆಂಟ್’ ಎಂಬ ಸೂಚನೆ ಸೇರಿಸಬೇಕು. ಮಾರ್ಚ್ ವೇಳೆಗೆ ಒಣಗುವ ತೋಡುಗಳಿಗೂ ಇದೇ ಸೂಚನೆ. ಬೇಸಗೆಯಲ್ಲಿ ತೆಗೆದ ಚಿತ್ರವನ್ನು ನೋಡಿದವರು ಪಳ್ಳವನ್ನು ಬರಿಯ ಬಯಲೆಂದೂ, ಮಳೆಯ ನಂತರದ ಚಿತ್ರವನ್ನು ನೋಡಿದವರು ಶಾಶ್ವತ ಕೆರೆಯೆಂದೂ ಬರೆಯುತ್ತಾರೆ. ಇಬ್ಬರನ್ನೂ ತಿದ್ದಬಲ್ಲವರು ಸ್ಥಳೀಯರು. ಕಲ್ಲು, ಮಣ್ಣುಗಳಿಂದ ವರ್ಷವರ್ಷವೂ ಹೊಸದಾಗಿ ಕಟ್ಟುವ ಕಟ್ಟಗಳ ವಿಷಯದಲ್ಲಿ, ಒಂದೇ ಜಾಗದಲ್ಲಿ ಪ್ರತಿವರ್ಷ ಕಟ್ಟುವುದಾದರೆ ಮಾತ್ರ ಋತುಕಾಲಿಕವೆಂಬ ಸೂಚನೆಯೊಂದಿಗೆ ದಾಖಲಿಸಬಹುದು. ಹಲಗೆ ಹಾಕುವ ಕಿಂಡಿ ಅಣೆಕಟ್ಟು ಶಾಶ್ವತ ರಚನೆಯಾದುದರಿಂದ ಅದರಲ್ಲಿ ಸಂಶಯವಿಲ್ಲ. ಅದರ ಮೇಲೆ ಜನ ನಡೆಯುತ್ತಾರೆಯೇ, ಬೈಕು ಹೋಗುತ್ತದೆಯೇ ಎಂಬುದನ್ನೂ ತಪ್ಪದೆ ಬರೆಯಿರಿ, ಏಕೆಂದರೆ ಎಷ್ಟೋ ಕಡೆ ಆಚೆ ದಡಕ್ಕೆ ಇರುವ ಹತ್ತಿರದ ದಾರಿ ಅದೊಂದೇ.

ತೋಟಗಳ ಗಡಿ ಎಳೆಯುವುದು ಕೊನೆಗೆ, ಸಮಯ ಉಳಿದರೆ.

ಬರೆಯಬಾರದವು

ಬೇರೆ ಭೂಪಟಗಳಿಂದ, ಎಷ್ಟೇ ಜನಪ್ರಿಯವಾದದ್ದಾಗಲಿ, ಒಂದು ಹೆಸರನ್ನೂ ನಕಲು ಮಾಡಬಾರದು. ಗೂಗಲ್ ಮ್ಯಾಪ್ಸ್ ನೋಡಿ ಅಂಗಡಿಯ ಹೆಸರು ಬರೆದರೂ ಅದು ಪರವಾನಗಿಯ ಉಲ್ಲಂಘನೆ. ವಿಕಿಪೀಡಿಯದ ಲೇಖನಗಳ ಪರವಾನಗಿ ಬೇರೆಯಾದುದರಿಂದ ಅಲ್ಲಿಂದ ವಿವರಗಳನ್ನು ಎತ್ತಿಕೊಳ್ಳುವುದೂ ಸಲ್ಲದು. ನಿಮ್ಮ ಕಣ್ಣು, ನಿಮ್ಮ ಜಾಡು, 
ಊರವರ ಮಾತು, ಅನುಮತಿಯಿರುವ ಚಿತ್ರ, ಆಧಾರಗಳು ಇಷ್ಟೇ.

ಖಾಸಗಿ ಮನೆಗೆ ಅಲ್ಲಿ ವಾಸಿಸುವವರ ಹೆಸರನ್ನು ಬರೆಯಬಾರದು. ನಮ್ಮಲ್ಲಿ ಮನೆತನದ ಹೆಸರೇ ಜಾಗದ ಹೆಸರೂ ಆಗಿರುವುದುಂಟು. ಹಾಗಿದ್ದಲ್ಲಿ ಅದನ್ನು ಜಾಗದ ಹೆಸರಾಗಿ ಬರೆಯಬಹುದೇ ಹೊರತು ವ್ಯಕ್ತಿಗೆ ಜೋಡಿಸಬಾರದು. ನಾಗಬನ, ದೈವಸ್ಥಾನಗಳಲ್ಲಿ ಸಾರ್ವಜನಿಕವಾದವನ್ನು ದಾಖಲಿಸುವುದಕ್ಕೆ ತೊಂದರೆಯಿಲ್ಲ. ಕುಟುಂಬಕ್ಕೆ ಸೀಮಿತವಾದವನ್ನು ಕೇಳದೆ ಸೇರಿಸಬೇಡಿ.

ತಾತ್ಕಾಲಿಕವಾದದ್ದನ್ನು ಬರೆಯಬಾರದೆಂಬುದು ಇನ್ನೊಂದು ನಿಯಮ. 2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ಕಾರಣದಿಂದ ಕರ್ನಾಟಕವು ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ, ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ ಇಲ್ಲಿಯವರು ಪಟ್ಟ ಪಾಡು ಎಲ್ಲರಿಗೂ ನೆನಪಿದೆ. ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟುಗಳವರೆಗೆ ಹೋಯಿತು. ಅಂಥ ಸಂದರ್ಭದಲ್ಲಿ ರಸ್ತೆಯನ್ನೇ ಭೂಪಟದಿಂದ ಅಳಿಸುವುದು ತಪ್ಪು, ಏಕೆಂದರೆ ಫೋನಿಗೆ ಇಳಿಸಿಕೊಂಡ ಭೂಪಟಗಳಲ್ಲಿ ಆ ತಪ್ಪು ದಾರಿ ತೆರೆದ ಮೇಲೂ ಉಳಿಯುತ್ತದೆ. ತಡೆ ದೀರ್ಘಕಾಲದ್ದೆಂದು ಖಚಿತವಾದರೆ ಪ್ರವೇಶದ ಟ್ಯಾಗನ್ನು ಬದಲಿಸಿ, ತೆರೆದ ದಿನವೇ ಹಿಂದಕ್ಕೆ ಪಡೆಯುವ ಹೊಣೆಯನ್ನೂ ಹೊರಬೇಕು. ಪ್ರತಿ ಮಳೆಗಾಲದಲ್ಲಿ ಮುಳುಗುವ ದಾರಿಯ ಮಾತು ಬೇರೆ. ಅದು ಆ ದಾರಿಯ ಸ್ಥಾಯಿ ಗುಣವಾದುದರಿಂದ ಅದಕ್ಕೆಂದೇ ಇರುವ ಟ್ಯಾಗ್‌ನಿಂದ ಸೂಚಿಸಬೇಕು.

ಉಳಿಸುವುದು ಮತ್ತು ಉತ್ತರಿಸುವುದು

ಬದಲಾವಣೆಗಳನ್ನು ಸಣ್ಣ ಸಣ್ಣ ಕಂತುಗಳಲ್ಲಿ ಉಳಿಸಬೇಕು. ಪ್ರತಿಯೊಂದು ಕಂತನ್ನು ‘ಚೇಂಜ್‌ಸೆಟ್’ ಎನ್ನುತ್ತಾರೆ. ಅದರೊಂದಿಗೆ ಒಂದು ವಿವರಣೆಯ ಸಾಲನ್ನು ಬರೆಯಲು ಜಾಗವಿರುತ್ತದೆ. ‘ಅಪ್‌ಡೇಟ್’ ಎಂದಷ್ಟೇ ಬರೆಯುವುದರಿಂದ ಏನೂ ತಿಳಿಯುವುದಿಲ್ಲ. ‘ನೀರ್ಚಾಲು ಪರಿಸರದಲ್ಲಿ ಕಾಲುದಾರಿಗಳನ್ನು ನಡೆದು ನೋಡಿ ಸೇರಿಸಲಾಗಿದೆ, ಕನ್ನಡದ ಹೆಸರುಗಳು ಫಲಕಗಳಿಂದ’ ಎಂಬಂತೆ ಕೆಲಸವನ್ನೂ ಆಧಾರವನ್ನೂ ಹೇಳಬೇಕು. ಕನ್ನಡದಲ್ಲಿ ಬರೆಯಲು ಅಡ್ಡಿಯಿಲ್ಲವಾದರೂ ಜಿಲ್ಲೆಯ ದಕ್ಷಿಣ ಭಾಗದಲ್ಲಿ ಕೆಲಸ ಮಾಡುವ ಮಲಯಾಳಿ ಗೆಳೆಯರಿಗೂ ಅರ್ಥವಾಗುವಂತೆ ಇಂಗ್ಲಿಷಿನಲ್ಲಿ ಒಂದು ಸಾಲು ಜೊತೆಗಿರುವುದು ವಿವೇಕ.

ಯಾರಾದರೂ ನಿಮ್ಮ ಕೆಲಸವನ್ನು ಬದಲಿಸಿದರೆ ಮೊದಲು ಅವರ ಚೇಂಜ್‌ಸೆಟ್‌ನ ಕೆಳಗೆ ಸೌಜನ್ಯದಿಂದ ಕೇಳಿ. ಫಲಕದ ಫೋಟೋ ನಿಮ್ಮ ಬಳಿ ಇದ್ದರೆ ಹೆಚ್ಚಿನ ತಕರಾರುಗಳು ಅಲ್ಲಿಯೇ ಮುಗಿಯುತ್ತವೆ. ಹೆಸರಿನ ವಿಷಯದಲ್ಲಿ ಪದೇ ಪದೇ ಅಳಿಸುವುದು, ಮರಳಿ ಬರೆಯುವುದು ನಡೆದರೆ ಅದನ್ನು ಸಮುದಾಯದ ಗಮನಕ್ಕೂ, ಅಲ್ಲಿಯೂ ಬಗೆಹರಿಯದಿದ್ದರೆ ಪ್ರತಿಷ್ಠಾನದ ‘ಡೇಟಾ ವರ್ಕಿಂಗ್ ಗ್ರೂಪ್’ ಎಂಬ ಸಮಿತಿಯ ಗಮನಕ್ಕೂ ತರಬಹುದು. ನೀವಾಗಿ ಎಳೆದಾಟಕ್ಕೆ ಇಳಿಯಬೇಡಿ.

ಗುಂಪಾಗಿ ಮಾಡುವುದಾದರೆ ವಾಚನಾಲಯ ಅಥವಾ ಶಾಲೆಯ ಎನ್ನೆಸ್ಸೆಸ್ ಘಟಕ ಒಳ್ಳೆಯ ನೆಲೆ. ಇಬ್ಬಿಬ್ಬರ ತಂಡಗಳನ್ನು ಮಾಡಿ, ಒಂದೊಂದು ತಂಡದಲ್ಲಿ ಫೋನು ಬಲ್ಲ ವಿದ್ಯಾರ್ಥಿಯೊಬ್ಬರೂ ಊರು ಬಲ್ಲ ಹಿರಿಯರೊಬ್ಬರೂ ಇರುವಂತೆ ನೋಡಿಕೊಂಡರೆ ಹೆಸರುಗಳ ಗುಣಮಟ್ಟ ತಾನಾಗಿ ಹೆಚ್ಚುತ್ತದೆ. ಗಡಿಗೆರೆಗೆ ಬದಲಾಗಿ ತೋಡು, ರಸ್ತೆಗಳನ್ನೇ ತಂಡಗಳ ನಡುವಿನ ಎಲ್ಲೆಯಾಗಿ ಇಟ್ಟುಕೊಂಡರೆ ಗೊಂದಲ ಕಡಿಮೆ. ಕನ್ನಡದ ಹೆಸರಿಲ್ಲದ ಜಾಗಗಳ ಪಟ್ಟಿಯನ್ನು ‘ಓವರ್‌ಪಾಸ್ ಟರ್ಬೊ’ ಎಂಬ ಜಾಲತಾಣದಿಂದ ಪಡೆಯಬಹುದು. ಪಂಚಾಯತಿನ ವ್ಯಾಪ್ತಿಯೊಳಗೆ ಜಾಗದ ಟ್ಯಾಗ್ ಇದ್ದೂ ಕನ್ನಡದ ಅಂಕಣ ಖಾಲಿ ಇರುವ ಬಿಂದುಗಳನ್ನು ಅದು ಹೆಕ್ಕಿ ತೋರಿಸುತ್ತದೆ. ಆ ಪಟ್ಟಿಯನ್ನು ಮುದ್ರಿಸಿ ಕೈಗೆ ಕೊಟ್ಟರೆ ಕಂಪ್ಯೂಟರ್ ಮುಟ್ಟದ ಹಿರಿಯರೂ ಅದನ್ನು ಪೆನ್ಸಿಲಿನಲ್ಲಿ ತುಂಬಿಸಿಕೊಡಬಲ್ಲರು.

ಬರೆದುದು ಜಾಲತಾಣದ ಭೂಪಟದಲ್ಲಿ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಕಾಣುತ್ತದೆ. ಫೋನಿನ ಆ್ಯಪ್‌ಗಳು ತಮ್ಮ ಭೂಪಟವನ್ನು ಆಗಾಗ ಒಟ್ಟಾಗಿ ಹೊಸದು ಮಾಡುವುದರಿಂದ, ‘ಆರ್ಗಾನಿಕ್ ಮ್ಯಾಪ್ಸ್’ ಅಥವಾ ಓಎಸ್‌ಎಂಆ್ಯಂಡ್‌ನಲ್ಲಿ ಕಾಣಲು ಕೆಲವು ವಾರಗಳು ಹಿಡಿಯಬಹುದು. ಕಾಣಲಿಲ್ಲವೆಂದು ಅದನ್ನೇ ಮತ್ತೊಮ್ಮೆ ಸೇರಿಸಬೇಡಿ. ಹೊಸ ಭೂಪಟವನ್ನು ಇಳಿಸಿಕೊಂಡ ಮೇಲೆ ನೀವು ಎಳೆದ ದಾರಿಯ ಎರಡು ತುದಿಗಳ ನಡುವೆ ಆ್ಯಪ್‌ನಲ್ಲಿ ಮಾರ್ಗ ಕೇಳಿ ನೋಡಿ. ಅದು ನೇರವಾಗಿ ತೋರಿಸದೆ ಸುತ್ತು ಹಾಕಿಸಿದರೆ ಎಲ್ಲೋ ಒಂದು ಕೂಡುಬಿಂದು ತಪ್ಪಿಹೋಗಿದೆ, ಅಥವಾ ಸಂಕದ ಮೇಲೆ ಯಾವ ವಾಹನಕ್ಕೆ ಅನುಮತಿ ಎಂಬುದು ತಪ್ಪಾಗಿ ದಾಖಲಾಗಿದೆ ಎಂದು ಅರ್ಥ.